ಪದಚರ್ಚೆ: ಸೇನೆಯ ಧರ್ಮಗುರುವಿನ ಕತ್ತಿಗೆ, ಕೋಟಿಗೆ ಏನನ್ನೋಣ?

ಅಮೆರಿಕದ ಅಂತರ್ಯುದ್ಧದ (1861–65) ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅದರಲ್ಲಿ ಉತ್ತರದವರ ರೆಜಿಮೆಂಟುಗಳಲ್ಲಿದ್ದ ಚಾಪ್ಲೇನ್‌ಗಳ, ಅಂದರೆ ಸೈನಿಕರ ಪ್ರಾರ್ಥನೆ, ಪೂಜೆ ನೋಡಿಕೊಳ್ಳಲು ಸೇನೆಯೇ ಇಟ್ಟುಕೊಂಡಿದ್ದ ಧರ್ಮಗುರುಗಳ ಉಡುಪಿನ ಮಾತು ಬರುತ್ತದೆ. ಕೆಲವು ಪದ ಎಷ್ಟು ತಿರುವಿದರೂ ಸರಿಯಾಗಿ ಕೂರುತ್ತಿಲ್ಲ, ಬಲ್ಲವರು ಹೇಳಿ.

ಮೊದಲು ಆ ಮನುಷ್ಯನಿಗೇ ಹೆಸರು ಬೇಕು. 'ಪಾದ್ರಿ' ಸಲೀಸಾಗಿ ಬರುತ್ತದೆ. ಪೋರ್ಚುಗೀಸರಿಂದ ನಮಗೆ ಬಂದ ಪದ, ಬ್ರಿಟಿಷ್ ಸೈನಿಕರು ತಮ್ಮ ಚಾಪ್ಲೇನ್‌ನನ್ನು 'ಪಾದ್ರೆ' ಅಂತ ಕರೆಯುವ ರೂಢಿಯೂ ಭಾರತದಿಂದಲೇ ಹೋದದ್ದು. ಆದರೆ 1862ರ ಜುಲೈನಲ್ಲಿ ಅಮೆರಿಕದ ಕಾನೂನು ಬದಲಾಗಿ, ಕ್ರೈಸ್ತರೇ ಆಗಬೇಕೆಂಬ ಷರತ್ತು ಹೋಯಿತು. ಅದೇ ಸೆಪ್ಟೆಂಬರ್‌ನಲ್ಲಿ ಜೇಕಬ್ ಫ್ರಾಂಕೆಲ್ ಮೊದಲ ಯೆಹೂದಿ ಚಾಪ್ಲೇನ್ ಆದರು. ಅವರನ್ನು ಪಾದ್ರಿ ಅನ್ನಲಾಗುವುದಿಲ್ಲವಲ್ಲ. 'ಸೇನಾ ಪುರೋಹಿತ' ಅಂದರೆ ಮದುವೆ ಮುಂಜಿ ಮಾಡಿಸುವವರು ನೆನಪಾಗುತ್ತಾರೆ. ನಮ್ಮ ಸೇನೆಯಲ್ಲಿ ಪಂಡಿತ, ಮೌಲ್ವಿ, ಗ್ರಂಥಿ, ಪಾದ್ರಿ, ಬೌದ್ಧ ಭಿಕ್ಷು ಎಲ್ಲರಿಗೂ ಸೇರಿ 'ಧರ್ಮಗುರು' ಎಂಬ ಮಾತು ಬಳಕೆಯಲ್ಲಿದೆ. ನನ್ನ ಮಟ್ಟಿಗೆ ಅದೇ ಸರಿ, ಇದರಲ್ಲಿ ಜಾಸ್ತಿ ವಾದ ಬೇಡ.

ತೊಡಕಿರುವುದು ಕತ್ತಿಯಲ್ಲಿ. ಯುದ್ಧದ ಶುರುವಿನಲ್ಲಿ ಚಾಪ್ಲೇನ್‌ಗೆ ಅಶ್ವದಳದ ಕ್ಯಾಪ್ಟನ್ ಸಂಬಳ. ಸಂಬಳ ಕ್ಯಾಪ್ಟನ್ನದು ಅಂದಮೇಲೆ ಉಡುಪೂ ಅವನದೇ ಅಂದುಕೊಂಡು ಎಷ್ಟೋ ಜನ ಭುಜಪಟ್ಟಿ ಹಾಕಿ, ಸೊಂಟಕ್ಕೆ ಕತ್ತಿ ಕಟ್ಟಿಕೊಂಡೇ ಓಡಾಡಿದರು. ಈ ಕತ್ತಿಗೆ ಏನನ್ನೋಣ? 'ಖಡ್ಗ' ಅಂದ ಕೂಡಲೇ ವೀರಗಲ್ಲು ಕಣ್ಣಿಗೆ ಬರುತ್ತದೆ. 'ಅಲಂಕಾರದ ಕತ್ತಿ' ಅಂದರೆ ಮೊಂಡು ಆಟಿಕೆ ಅನ್ನಿಸುತ್ತದೆ. 'ಪಟ್ಟದ ಕತ್ತಿ' ಅಂತ ಬರೆಯಬಹುದು ಎಂದು ಒಬ್ಬ ಗೆಳೆಯರು ಹೇಳಿದರು, ಆದರೆ ಅದು ಮೈಸೂರು ದಸರೆಯಲ್ಲಿ ಪೂಜೆಗೊಳ್ಳುವ ರಾಜಮನೆತನದ ಕತ್ತಿ, ಅದನ್ನು ತಂದು ಇಲ್ಲಿ ಕಟ್ಟುವುದು ಖಂಡಿತ ತಪ್ಪು. ಈ ಕತ್ತಿ ಹೇಳುತ್ತಿದ್ದದ್ದು ಒಂದೇ ಮಾತು: ಇವನು ಅಧಿಕಾರಿ. ಹಾಗಾಗಿ 'ಹುದ್ದೆಯ ಕತ್ತಿ' ಅಂತ ಬರೆದಿದ್ದೇನೆ. ಓದುವಾಗ ಎಡವುತ್ತದಾ?

ಇನ್ನು ಕೋಟು. 1861ರ ನವೆಂಬರ್ 25ರ ಆದೇಶ ಈ ಗೊಂದಲವನ್ನೆಲ್ಲ ನಿಲ್ಲಿಸಿ ಚಾಪ್ಲೇನ್‌ಗೆ ಬೇರೆಯೇ ಉಡುಪು ಗೊತ್ತುಮಾಡಿತು. ಸಾದಾ ಕಪ್ಪು ಫ್ರಾಕ್ ಕೋಟು, ನೆಟ್ಟಗೆ ನಿಲ್ಲುವ ಕಾಲರ್, ಒಂದೇ ಸಾಲಿನಲ್ಲಿ 9 ಕಪ್ಪು ಗುಂಡಿ, ಕಪ್ಪು ಪ್ಯಾಂಟು. ಚಿನ್ನದ ಬಣ್ಣದ ಒಂದು ಎಳೆಯೂ ಇಲ್ಲ. ಸಮಾರಂಭಕ್ಕೆ ಮಾತ್ರ ಮಡಚಿ ಕಂಕುಳಲ್ಲಿ ಇಟ್ಟುಕೊಳ್ಳಬಹುದಾದ ಎರಡು ಮೂಲೆಯ ಟೊಪ್ಪಿ. 1864ರ ಆಗಸ್ಟ್‌ನಲ್ಲಿ ಗುಂಡಿ, ಕಾಜಾಗಳ ಸುತ್ತ ಕಪ್ಪು ಕಸೂತಿ ಪಟ್ಟಿ ಸೇರಿತು. ಫ್ರಾಕ್ ಕೋಟನ್ನು 'ನಿಲುವಂಗಿ' ಅಂದುಬಿಟ್ಟರೆ ಓದುಗರಿಗೆ ಇಗರ್ಜಿಯ ಪಾದ್ರಿಯ ಅಂಗಿಯೇ ಕಾಣುತ್ತದೆ, ಅಲ್ವಾ? ಇದು ಆ ಕಾಲದ ಗಂಡಸರು ತೊಡುತ್ತಿದ್ದ ಮೊಣಕಾಲುದ್ದದ ಕೋಟು ಅಷ್ಟೇ. 'ಉದ್ದ ಕೋಟು' ಸಾಕು ಅನ್ನಿಸುತ್ತದೆ.

ಈ ವ್ಯತ್ಯಾಸ ಉಳಿಸಿಕೊಳ್ಳಲೇಬೇಕು ಅಂತ ಹಟ ಹಿಡಿದಿರುವುದಕ್ಕೆ ಕಾರಣ ಅದೇ ಯುದ್ಧದ ಗೆಟ್ಟಿಸ್‌ಬರ್ಗ್ ಕಾಳಗ. 1863ರ ಜುಲೈ 2ರಂದು ಐರಿಷ್ ಮೂಲದವರೇ ಹೆಚ್ಚಿದ್ದ ಐರಿಷ್ ಬ್ರಿಗೇಡ್ ಕಾಳಗಕ್ಕೆ ಇಳಿಯುವ ಮುಂಚೆ ಅದರ ಚಾಪ್ಲೇನ್ ಫಾದರ್ ವಿಲಿಯಂ ಕಾರ್ಬಿ ಒಂದು ಬಂಡೆ ಹತ್ತಿ ನಿಂತು, ಕೊರಳಿಗೆ ನೇರಳೆ ಬಣ್ಣದ ಸ್ಟೋಲ್ (ಪೂಜೆಯ ಹೊತ್ತಿಗೆ ಪಾದ್ರಿಗಳು ಹಾಕುವ ಉದ್ದನೆಯ ಬಟ್ಟೆಯ ಪಟ್ಟಿ) ಹಾಕಿಕೊಂಡು ಇಡೀ ದಳಕ್ಕೆ ಪಾಪಕ್ಷಮೆ ಹೇಳಿದರು. ಸೇನೆಯ ಉಡುಪಿನ ಮೇಲೆ ಆ ಒಂದು ಪಟ್ಟಿ ಬಿದ್ದಾಗಲೇ ಅವರು ಗುರುವಾಗಿ ನಿಂತದ್ದು. ಸಮವಸ್ತ್ರ ಬೇರೆ, ಪೂಜೆಯ ವಸ್ತ್ರ ಬೇರೆ. ಎರಡಕ್ಕೂ 'ವಿಧ್ಯುಕ್ತ ಉಡುಪು' ಅಂತ ಒಂದೇ ಪದ ಹಾಕಿದರೆ ಆ ಗಳಿಗೆಯೇ ಕಳೆದುಹೋಗುತ್ತದೆ.

ಸ್ಟೋಲ್‌ಗೆ 'ಶಲ್ಯ' ಅಂತ ಬರೆಯಲು ಮನಸ್ಸಿಲ್ಲ, ಅದು ಹೆಗಲ ಮೇಲಿನ ಬಟ್ಟೆ. ಮಂಗಳೂರು, ಉಡುಪಿ ಕಡೆ ಇಗರ್ಜಿಗೆ ಹೋಗುವವರು ಕನ್ನಡ ಪೂಜೆಯಲ್ಲಿ ಇದಕ್ಕೆ ಏನಂತೀರಿ? ನಿಮ್ಮಲ್ಲಿ ಬಾಯಲ್ಲಿ ಓಡಾಡುವ ಪದವಿದ್ದರೆ ಅದನ್ನೇ ಹಾಕುತ್ತೇನೆ.