ಗಣಿತ ಸಾಧನಾ ಸಮೀಕ್ಷೆ: ಆಂಕರ್ ಪ್ರಶ್ನೆಗಳ ಸರಾಸರಿಯೂ ಕುಸಿದಿದೆ, ದೋಷವನ್ನು ಎಲ್ಲಿ ಹುಡುಕಬೇಕು?

ಸಿಆರ್‌ಪಿ_ಕೊಡಗು:

ನಮಸ್ಕಾರ. ನಾನು ಕೊಡಗಿನ ಒಂದು ತಾಲ್ಲೂಕಿನಲ್ಲಿ ಸಿಆರ್‌ಪಿ (ಸಮೂಹ ಸಂಪನ್ಮೂಲ ವ್ಯಕ್ತಿ) ಆಗಿದ್ದೇನೆ. ಎರಡು ವರ್ಷಗಳಿಂದ 38 ಶಾಲೆಗಳ ಐದನೇ ತರಗತಿಯ ಸುಮಾರು 760 ಮಕ್ಕಳಿಗೆ 30 ಬಹು ಆಯ್ಕೆ ಪ್ರಶ್ನೆಗಳ ಗಣಿತ ಪರೀಕ್ಷೆ ನಡೆಸುತ್ತಿದ್ದೇವೆ. ಇವುಗಳಲ್ಲಿ 10 ಪ್ರಶ್ನೆಗಳನ್ನು ಎರಡೂ ವರ್ಷ ಒಂದಕ್ಷರವೂ ಬದಲಿಸದೆ ಆಂಕರ್ ಪ್ರಶ್ನೆಗಳಾಗಿ ಇಟ್ಟಿದ್ದೇವೆ. ಉಳಿದ 20 ಪ್ರಶ್ನೆಗಳು ಹೊಸವಾದ್ದರಿಂದ ಒಟ್ಟು ಅಂಕಗಳನ್ನು ಹೋಲಿಸಬಾರದೆಂದು ತಿಳಿದಿದೆ. ಆದರೆ ಆಂಕರ್ ಪ್ರಶ್ನೆಗಳ ಸರಾಸರಿಯೇ 10ಕ್ಕೆ 6.2ರಿಂದ 4.9ಕ್ಕೆ ಇಳಿದಿದೆ. ಮುಂದಿನ ವಾರ ಈ ವರದಿಯನ್ನು ಮುಖ್ಯ ಶಿಕ್ಷಕರ ಸಭೆಯಲ್ಲಿ ಓದಬೇಕಾಗಿದೆ. ವರ್ಷವಿಡೀ ಈ ತರಗತಿಗಳಲ್ಲಿ ಕುಳಿತು ನಾನು ಕಂಡದ್ದಕ್ಕೂ ಈ ಅಂಕಿಗಳಿಗೂ ತಾಳೆಯಾಗುತ್ತಿಲ್ಲ. ಇನ್ನೊಂದು ವಿಚಿತ್ರವೆಂದರೆ, 19ನೇ ಪ್ರಶ್ನೆಯಲ್ಲಿ ಒಟ್ಟಾರೆ ಹೆಚ್ಚು ಅಂಕ ಪಡೆದ ಮಕ್ಕಳೇ ತಪ್ಪಿದ್ದಾರೆ. ಎಲ್ಲಿಂದ ಪರಿಶೀಲನೆ ಆರಂಭಿಸಲಿ?

ಅಳತೆಗೋಲು:

ವರದಿಯನ್ನು ಸದ್ಯಕ್ಕೆ ತಡೆಹಿಡಿಯಿರಿ ಸರ್. ಇಷ್ಟು ದೊಡ್ಡ ಕುಸಿತ ಒಂದೇ ವರ್ಷದಲ್ಲಿ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಅಳತೆಯನ್ನು, ಮಕ್ಕಳನ್ನಲ್ಲ. ಅಮೆರಿಕದ ರಾಷ್ಟ್ರೀಯ ಸಮೀಕ್ಷೆಯಾದ ಎನ್‌ಎಇಪಿಯಲ್ಲಿ 1986ರ ಓದಿನ ಫಲಿತಾಂಶವು 1984ಕ್ಕೆ ಹೋಲಿಸಿದರೆ ನಂಬಲಾಗದಷ್ಟು ಕುಸಿದಿತ್ತು, ಅದರಲ್ಲೂ 9 ಮತ್ತು 17 ವರ್ಷದವರಲ್ಲಿ. ಪ್ರಶ್ನೆಗಳು ಅವೇ ಆಗಿದ್ದರೂ ಪುಸ್ತಿಕೆಯಲ್ಲಿ ಅವುಗಳ ಜೋಡಣೆ, ಸುತ್ತಮುತ್ತಲಿನ ಪ್ರಶ್ನೆಗಳು ಮತ್ತು ಸಮಯದ ಹಂಚಿಕೆ ಬದಲಾಗಿದ್ದವು. 1988ರಲ್ಲಿ ಹಳೆಯ ಮತ್ತು ಹೊಸ ಎರಡೂ ವಿಧಾನಗಳಲ್ಲಿ ಪರೀಕ್ಷೆ ನಡೆಸಿ ನೋಡಿದಾಗ, ಕುಸಿತದ ಬಹುಭಾಗ ಈ ಬದಲಾವಣೆಗಳಿಂದಲೇ ಬಂದದ್ದೆಂದು ಗೊತ್ತಾಯಿತು. ಪ್ರಶ್ನೆಯ ಮಾತು ಒಂದೇ ಆಗಿದ್ದ ಮಾತ್ರಕ್ಕೆ ಅದು ಮಗುವಿಗೆ ಅದೇ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಆದ್ದರಿಂದ ತಿಳಿಸಿ: ಹತ್ತು ಆಂಕರ್ ಪ್ರಶ್ನೆಗಳು ಎರಡು ವರ್ಷಗಳಲ್ಲಿ ಎಷ್ಟನೆಯ ಸ್ಥಾನದಲ್ಲಿದ್ದವು? ಪ್ರತಿ ಪ್ರಶ್ನೆಯನ್ನು ಎಷ್ಟು ಮಕ್ಕಳು ಖಾಲಿ ಬಿಟ್ಟಿದ್ದಾರೆ? ಉತ್ತರ ಗುರುತಿಸುವ ಕ್ರಮ ಬದಲಾಗಿದೆಯೇ? ಸರಾಸರಿ ತೆಗೆದದ್ದು ಹೇಗೆ? 19ನೇ ಪ್ರಶ್ನೆಗೆ ಮಾತ್ರ ಕೀ ಉತ್ತರವನ್ನು ಈಗಲೇ ಕೈಯಾರೆ ಬಿಡಿಸಿ ನೋಡಿ. ಜಾಣ ಮಕ್ಕಳು ಗುಂಪಾಗಿ ಒಂದೇ ‘ತಪ್ಪು’ ಆಯ್ಕೆಯನ್ನು ಗುರುತಿಸಿದ್ದರೆ ಸಾಮಾನ್ಯವಾಗಿ ತಪ್ಪಿರುವುದು ಕೀ.

ಸಿಆರ್‌ಪಿ_ಕೊಡಗು:

19ರ ವಿಷಯದಲ್ಲಿ ತಾವು ಹೇಳಿದಂತೆಯೇ ಆಗಿದೆ. ಪ್ರಶ್ನೆ ಹೀಗಿದೆ: ‘ಕಾಫಿ ಒಣಗಿಸುವ ಕಣದ ಉದ್ದ 12 ಮೀಟರ್, ಅಗಲ 8 ಮೀಟರ್. ಕಣದ ಸುತ್ತ ಒಂದು ಸುತ್ತು ಹಗ್ಗ ಕಟ್ಟಲು ಎಷ್ಟು ಮೀಟರ್ ಹಗ್ಗ ಬೇಕು?’ ಸರಿಯುತ್ತರ 40. ಕೀಯಲ್ಲಿ 96 ಎಂದಿತ್ತು. ಸುತ್ತಳತೆ ಕೇಳಿ ವಿಸ್ತೀರ್ಣಕ್ಕೆ ಅಂಕ ಕೊಟ್ಟಿದ್ದೇವೆ. ಮೂವರು ಪರಿಶೀಲಿಸಿದ್ದ ಕೀ ಅದು ಎಂಬುದೇ ನನ್ನನ್ನು ಹೆಚ್ಚು ನೋಯಿಸಿತು.

ಕಳೆದ ವರ್ಷ ಆಂಕರ್ ಪ್ರಶ್ನೆಗಳು 1ರಿಂದ 10ರವರೆಗೆ ಸಾಲಾಗಿದ್ದವು. ಈ ವರ್ಷ ನಾಲ್ಕು ಮಾತ್ರ ಮೊದಲ ಹತ್ತರೊಳಗೆ ಇವೆ. ಆರು 21ರಿಂದ ಮುಂದೆ ಹೋಗಿವೆ, ಕೊನೆಯ ಪುಟದಲ್ಲಿ ಖಾಲಿ ಉತ್ತರಗಳೂ ಬಹಳ. ಕಳೆದ ವರ್ಷ ಮಕ್ಕಳು ಪ್ರಶ್ನೆಪತ್ರಿಕೆಯಲ್ಲೇ ಟಿಕ್ ಮಾಡಿದ್ದರು, ಶಿಕ್ಷಕರು ಅದನ್ನು ಯಂತ್ರ ಓದುವ ಒಎಂಆರ್ ಹಾಳೆಗೆ ಇಳಿಸಿದ್ದರು. ಈ ವರ್ಷ ಟಿಕ್ ಮಾಡಿದ ಮೇಲೆ ಮಕ್ಕಳೇ ವೃತ್ತಗಳನ್ನು ತುಂಬಬೇಕಿತ್ತು, ಸಮಯ ಮಾತ್ರ ಅದೇ 60 ನಿಮಿಷ.

ನಿನ್ನೆ ಒಂದು ಶಾಲೆಯ ಕಟ್ಟನ್ನು ಬಿಚ್ಚಿ ನೋಡಿದೆ. ತೋಟದ ಕಾರ್ಮಿಕರ ಲೈನ್ ಮನೆಯಿಂದ ಬರುವ ಒಬ್ಬ ಹುಡುಗಿಯ ಪತ್ರಿಕೆಯಲ್ಲಿ ಟಿಕ್‌ಗಳೆಲ್ಲ ಅಚ್ಚುಕಟ್ಟಾಗಿವೆ, ಅಂಚಿನಲ್ಲಿ ಗುಣಾಕಾರ ಮಾಡಿದ ಗುರುತುಗಳೂ ಇವೆ. 12ನೇ ಪ್ರಶ್ನೆಯನ್ನು ಬಿಟ್ಟಿದ್ದಾಳೆ, ಆದರೆ ಹಾಳೆಯಲ್ಲಿ ಆ ಸಾಲನ್ನು ಬಿಡದೆ 13ರ ಉತ್ತರವನ್ನು ಅಲ್ಲಿ ತುಂಬಿ, ಅಲ್ಲಿಂದ ಕೊನೆಯವರೆಗೆ ಎಲ್ಲವನ್ನೂ ಒಂದು ಸಾಲು ಮೇಲಕ್ಕೆ ತುಂಬುತ್ತ ಹೋಗಿದ್ದಾಳೆ. ಗೊತ್ತಿದ್ದ ಲೆಕ್ಕಗಳಿಗೆಲ್ಲ ಸೊನ್ನೆ ಬಂದಿದೆ.

ಸರಾಸರಿಯ ಬಗ್ಗೆ: ಕಳೆದ ವರ್ಷ ಶಾಲೆಗಳ ಸರಾಸರಿಗಳನ್ನು ಕೂಡಿಸಿ 38ರಿಂದ ಭಾಗಿಸಿದ್ದೆವು. ಈ ವರ್ಷ ಎಲ್ಲ ಮಕ್ಕಳನ್ನೂ ಎಕ್ಸೆಲ್‌ನಲ್ಲಿ ಒಟ್ಟಿಗೆ ತೆಗೆದುಕೊಂಡೆವು.

ಗಣಿತದ ಮೇಡಂ:

ಸರಾಸರಿಯ ಮಾತಿಗೆ ಉತ್ತರಿಸುತ್ತೇನೆ, ಏಕೆಂದರೆ ನಮ್ಮ ಜಿಲ್ಲೆಯಲ್ಲಿ ಇದು ಬೇರೆಡೆಗಿಂತ ಹೆಚ್ಚು ತೊಂದರೆ ಕೊಡುತ್ತದೆ. ತೋಟಗಳ ನಡುವೆ ನಾಲ್ಕೈದು ಮಕ್ಕಳ ತರಗತಿಗಳು, ಪೇಟೆಯಲ್ಲಿ ತುಂಬಿದ ತರಗತಿಗಳು. ಉದಾಹರಣೆಗೆ, 4 ಮಕ್ಕಳ ಒಂದು ಶಾಲೆಯ ಸರಾಸರಿ 24, 36 ಮಕ್ಕಳ ಇನ್ನೊಂದರದು 14 ಎಂದಿಟ್ಟುಕೊಳ್ಳಿ. ಶಾಲೆಗಳ ಸರಾಸರಿ 19 ಬರುತ್ತದೆ, ಮಕ್ಕಳ ಸರಾಸರಿ 15 ಮಾತ್ರ. ಎರಡೂ ಸರಿಯಾದ ಲೆಕ್ಕಗಳೇ, ಆದರೆ ಒಂದು ವರ್ಷ ಅದು, ಇನ್ನೊಂದು ವರ್ಷ ಇದು ಆಗಬಾರದು.

ಮತ್ತೊಂದು ವಿಷಯ. 760 ಮಕ್ಕಳಿದ್ದಾರೆಂದು ಅಷ್ಟೂ ಸ್ವತಂತ್ರ ಮಾಹಿತಿ ಎಂದು ತಿಳಿಯಬೇಡಿ. ಒಂದೇ ಶಾಲೆಯ ಮಕ್ಕಳು ಒಬ್ಬರೇ ಶಿಕ್ಷಕರಿಂದ ಕಲಿತವರು, ಅವರ ಅಂಕಗಳು ಪರಸ್ಪರ ಹೋಲುತ್ತವೆ. ಆ ಹೋಲಿಕೆಯ ಪ್ರಮಾಣ 0.3 ಇದ್ದು ಶಾಲೆಗೆ ಸರಾಸರಿ 20 ಮಕ್ಕಳಿದ್ದರೆ, ವಿನ್ಯಾಸ ಪರಿಣಾಮ (ಮಾಹಿತಿ ಎಷ್ಟು ಪಟ್ಟು ಕುಗ್ಗುತ್ತದೆ ಎಂಬುದು) 1 + (20 – 1) × 0.3, ಅಂದರೆ 6.7. ನಿಮ್ಮ 760 ಮಕ್ಕಳು ಬಿಡಿಬಿಡಿಯಾಗಿ ಆರಿಸಿದ ಸುಮಾರು 113 ಮಕ್ಕಳಿಗೆ ಸಮ. ಆಂಕರ್ ಅಂಕಗಳ ಮಾನಕ ವಿಚಲನೆ (ಸರಾಸರಿಯಿಂದ ಅಂಕಗಳು ಎಷ್ಟು ಚದುರಿವೆ ಎಂಬ ಅಳತೆ) 2.4ರ ಆಸುಪಾಸಿನಲ್ಲಿದ್ದರೆ, ಎರಡು ವರ್ಷಗಳ ನಡುವೆ ಸುಮಾರು 0.6 ಅಂಕದವರೆಗಿನ ವ್ಯತ್ಯಾಸವನ್ನು ಏರಿಳಿತವೆಂದೇ ಕಾಣಬೇಕು. ಅವೇ ಶಾಲೆಗಳಾದ್ದರಿಂದ ಈ ಮಿತಿ ತುಸು ಕಿರಿದಾಗಬಹುದು. ಆದರೂ 1.3ರ ಕುಸಿತ ಇದರೊಳಗೆ ಬರುವುದಿಲ್ಲ, ಆದ್ದರಿಂದ ಅಳತೆಗೋಲು ಅವರು ತೋರಿಸಿದ ದಾರಿಯಲ್ಲೇ ಹುಡುಕಿ.

ಸೋಮವಾರಪೇಟೆಯ ಶಿಕ್ಷಕ:

ನಾನೂ ಆ ಪತ್ರಿಕೆಯನ್ನು ನೋಡಿದ್ದೇನೆ. ಅದರಲ್ಲಿ ರೈಲಿನ ವೇಳಾಪಟ್ಟಿಯ ಪ್ರಶ್ನೆಯೊಂದಿದೆ. ಕೊಡಗಿನಲ್ಲಿ ರೈಲು ಮಾರ್ಗವೇ ಇಲ್ಲ. ಆ ಪ್ರಶ್ನೆ ನಮ್ಮ ಮಕ್ಕಳಿಗೆ ಅನ್ಯಾಯವಲ್ಲವೇ? ಹಾಗೆಯೇ, 2021ರ ರಾಷ್ಟ್ರೀಯ ಸಾಧನಾ ಸಮೀಕ್ಷೆಯೊಂದಿಗೆ (ಎನ್‌ಎಎಸ್) 2024ರ ಪರಖ್ ರಾಷ್ಟ್ರೀಯ ಸರ್ವೇಕ್ಷಣೆಯನ್ನು ಹೋಲಿಸಿದರೆ ಜಿಲ್ಲೆಯ ಏರಿಳಿತ ತಿಳಿಯುವುದಿಲ್ಲವೇ?

ಅಳತೆಗೋಲು:

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ: ಎನ್‌ಎಎಸ್ 2021 ನಡೆದದ್ದು 3, 5, 8 ಮತ್ತು 10ನೇ ತರಗತಿಗಳಿಗೆ, ಪರಖ್ 2024 ನಡೆದದ್ದು 3, 6 ಮತ್ತು 9ಕ್ಕೆ. ಐದನೆಯವರ ಅಂಕವನ್ನು ಆರನೆಯವರ ಅಂಕದ ಪಕ್ಕದಲ್ಲಿಟ್ಟು ಏರಿತು, ಇಳಿಯಿತು ಎನ್ನಲಾಗದು.

ರೈಲಿನ ಪ್ರಶ್ನೆಯ ಬಗ್ಗೆ ನಿಮ್ಮ ಕಾಳಜಿ ನ್ಯಾಯವಾದದ್ದು. ಆದರೆ ಅನುಮಾನವನ್ನು ಅಂಕಿಗಳಿಂದ ಸಾಬೀತುಪಡಿಸಬೇಕಾದರೆ, ಒಟ್ಟು ಅಂಕ ಸಮನಾಗಿರುವ ಎರಡು ಗುಂಪುಗಳ ಮಕ್ಕಳಲ್ಲಿ ಆ ಒಂದು ಪ್ರಶ್ನೆಗೆ ಸರಿಯುತ್ತರ ಕೊಟ್ಟವರ ಪ್ರಮಾಣವನ್ನು ಹೋಲಿಸಬೇಕು. ಇಲ್ಲಿರುವ ಮಕ್ಕಳೆಲ್ಲರೂ ರೈಲಿಲ್ಲದ ಜಿಲ್ಲೆಯವರೇ ಆಗಿರುವುದರಿಂದ, ಅದೇ ಪತ್ರಿಕೆಯನ್ನು ಬರೆದ ಬೇರೆ ಜಿಲ್ಲೆಯ ಮಕ್ಕಳ ಅಂಕಿಗಳಿಲ್ಲದೆ ಈ ಹೋಲಿಕೆ ಸಾಧ್ಯವೇ ಇಲ್ಲ. ನಿಮ್ಮಲ್ಲೇ ಮಾಡಬಹುದಾದದ್ದು ಮನೆಮಾತಿನ ಹೋಲಿಕೆ: ಮನೆಯಲ್ಲಿ ಕನ್ನಡ ಆಡುವವರು ಮತ್ತು ಕೊಡವ ತಕ್ಕ್, ಅರೆಭಾಷೆ ಅಥವಾ ಯರವ ಮಾತಾಡುವವರು ಉದ್ದನೆಯ ವಾಕ್ಯಲೆಕ್ಕಗಳಲ್ಲಿ ಹೇಗಿದ್ದಾರೆ ಎಂಬುದು. ನೇರ ಸಂಕಲನದಲ್ಲಿ ಸಮನಾಗಿದ್ದವರು ಅಲ್ಲಿ ಹಿಂದೆ ಬಿದ್ದರೆ, ಪ್ರಶ್ನೆ ಗಣಿತದ ಜೊತೆಗೆ ಭಾಷೆಯನ್ನೂ ಅಳೆಯುತ್ತಿದೆ ಎಂದು ತಿಳಿಯಬೇಕು.

ಸಿಆರ್‌ಪಿ_ಕೊಡಗು:

ನಾವು ಮೂವರು ಕುಳಿತು ನಾಲ್ಕು ದಿನಗಳಲ್ಲಿ ಎಲ್ಲ ಪ್ರಶ್ನೆಪತ್ರಿಕೆಗಳ ಟಿಕ್‌ಗಳಿಂದಲೇ ಮರುಮೌಲ್ಯಮಾಪನ ಮಾಡಿದೆವು. ಕಳೆದ ವರ್ಷದ ಸರಾಸರಿ ಮಕ್ಕಳ ಲೆಕ್ಕದಲ್ಲಿ 6.2 ಅಲ್ಲ, 5.8. ಈ ವರ್ಷದ್ದು 4.9 ಅಲ್ಲ, 5.4. ಉಳಿದ 0.4ರಲ್ಲಿ ಒಂದು ಪಾಲು ಕೊನೆಯ ಪುಟಕ್ಕೆ ಹೋದ ಆರು ಪ್ರಶ್ನೆಗಳದ್ದು.

ಆದರೆ ಒಂದು ಕಡೆ ನಿಜವಾದ ಕೆಟ್ಟ ಸುದ್ದಿ ಇದೆ, ಅದನ್ನು ಮುಚ್ಚಿಡುವುದಿಲ್ಲ. ಎರಡೂ ವರ್ಷ ಮೊದಲ ಹತ್ತರೊಳಗಿದ್ದ ಭಿನ್ನರಾಶಿಯ ಎರಡು ಆಂಕರ್ ಪ್ರಶ್ನೆಗಳಲ್ಲಿ ಸರಿಯುತ್ತರ ಶೇ. 58ರಿಂದ ಶೇ. 41ಕ್ಕೆ ಇಳಿದಿದೆ. 1/3 ಮತ್ತು 1/4ರಲ್ಲಿ ದೊಡ್ಡದು ಯಾವುದೆಂದು ಕೇಳಿದರೆ, ಮೂರಕ್ಕಿಂತ ನಾಲ್ಕು ದೊಡ್ಡದೆಂದು 1/4ಕ್ಕೆ ಟಿಕ್ ಮಾಡಿದ್ದಾರೆ. ವರದಿಯಲ್ಲಿ ಇದನ್ನೇ ಮೊದಲು ಬರೆಯುತ್ತೇನೆ, ಒಟ್ಟು ಸರಾಸರಿಯ ಹೋಲಿಕೆಯನ್ನು ಕೈಬಿಡುತ್ತೇನೆ. ಮುಂದಿನ ವರ್ಷ ಕಳೆದ ವರ್ಷದ ಜೋಡಣೆಯ ‘ಎ’ ಪತ್ರಿಕೆ, ಈ ವರ್ಷದ ಜೋಡಣೆಯ ‘ಬಿ’ ಪತ್ರಿಕೆ ಎರಡನ್ನೂ ಕೊಡಲು ಯೋಚಿಸಿದ್ದೇವೆ. ನಾಲ್ಕೇ ಮಕ್ಕಳಿರುವ ತರಗತಿಯಲ್ಲಿ ಹೇಗೆ ಹಂಚುವುದು?

ಗಣಿತದ ಮೇಡಂ:

ಹಾಜರಿ ಪುಸ್ತಕದ ಕ್ರಮದಲ್ಲಿ ಎ, ಬಿ, ಎ, ಬಿ ಎಂದು ಹಂಚಿರಿ. ಪ್ರತಿ ಶಾಲೆಯಲ್ಲೂ ‘ಎ’ಯಿಂದ ಆರಂಭಿಸಬೇಡಿ. ಐದು ಮಕ್ಕಳ ಶಾಲೆ ‘ಎ’ಯಲ್ಲಿ ಮುಗಿದರೆ ಮುಂದಿನ ಶಾಲೆ ‘ಬಿ’ಯಿಂದ ಆರಂಭವಾಗಲಿ. ಕಟ್ಟುಗಳನ್ನು ಕಳುಹಿಸುವ ಮೊದಲೇ ಪತ್ರಿಕೆಗಳನ್ನು ಆ ಸರದಿಯಲ್ಲಿ ಜೋಡಿಸಿ, ಮಕ್ಕಳ ಕ್ರಮಸಂಖ್ಯೆಯನ್ನು ನೀವೇ ಬರೆದಿಡಿ. ಒಎಂಆರ್ ತುಂಬುವ ಕೆಲಸ ಶಿಕ್ಷಕರ ಕೈಯಲ್ಲೇ ಇರಲಿ.