ನ್ಯೂಜಿಲೆಂಡ್ ಪೈನ್ ರೇಟು ಯಾಕೆ ಹೀಗೆ ಕುಣಿಯುತ್ತದೆ?

ಪ್ರಶ್ನೆ (ಮಾಲೂರು, ಪ್ಯಾಲೆಟ್ ಶೆಡ್):
ನಮಸ್ಕಾರ ಸರ್. ಪ್ಯಾಲೆಟ್ (ಸರಕು ಜೋಡಿಸಿ ಎತ್ತುವ ಮರದ ಮಣೆ), ಪ್ಯಾಕಿಂಗ್ ಪೆಟ್ಟಿಗೆ ಮಾಡಿ ನರಸಾಪುರ, ವೇಮಗಲ್ ಕಡೆಯ ಫ್ಯಾಕ್ಟರಿಗಳಿಗೆ ಕೊಡುತ್ತೇನೆ. ಒಂದು ಕಂಪನಿಗೆ ಇಡೀ ವರ್ಷ ಒಂದೇ ರೇಟು ಅಂತ ಬರೆದುಕೊಟ್ಟು ಕೈ ಸುಟ್ಟುಕೊಂಡೆ. ಡಿಪೋದವರನ್ನು ಕೇಳಿದರೆ "ನ್ಯೂಜಿಲೆಂಡ್ ಮಾಲು ಬರ್ತಿಲ್ಲ" ಅಂತಾರೆ. ಅಲ್ಲಿ ಮರ ಖಾಲಿಯಾಯ್ತಾ? ಇಲ್ಲ ಸುಮ್ನೆ ಕಥೆ ಹೇಳ್ತಾರಾ?

ಉತ್ತರ (ಮರದ ಆಮದು ವ್ಯಾಪಾರದವರು):
ಮರ ಖಾಲಿಯಾಗಿಲ್ಲ. ಇರುವುದೇ ಜಾಸ್ತಿ.

1990ರ ದಶಕದಲ್ಲಿ ಅಲ್ಲಿನ ಜನ ಕುರಿ ಮೇಯುವ ಗುಡ್ಡಗಳಿಗೂ ರೇಡಿಯಾಟ ಪೈನ್, ಅಂದರೆ ನಿಜವಾದ ನ್ಯೂಜಿಲೆಂಡ್ ಪೈನ್, ನೆಟ್ಟರು. ಅದು ಕಡಿಯುವ ಹದಕ್ಕೆ ಬರಲು ಸುಮಾರು 28 ವರ್ಷ ಬೇಕು. ಅಂದರೆ 2020ರ ಆಸುಪಾಸಿನಲ್ಲಿ ಎಲ್ಲ ಒಟ್ಟಿಗೇ ಬಂತು. ನಮ್ಮ ಕೋಲಾರದಲ್ಲಿ ಎಲ್ಲರೂ ಒಂದೇ ವಾರ ಟೊಮ್ಯಾಟೊ ನಾಟಿ ಮಾಡಿದ ಹಾಗೆ. ಒಂದೇ ವ್ಯತ್ಯಾಸ, ಟೊಮ್ಯಾಟೊ ಕಾಯುವುದಿಲ್ಲ, ಮರ ಕಾಯುತ್ತದೆ. ರೇಟು ಬಿದ್ದರೆ ಸಣ್ಣ ಬೆಳೆಗಾರ ಕಡಿಯುವುದನ್ನೇ ನಿಲ್ಲಿಸುತ್ತಾನೆ. ಅವನಿಗೇನು, ಮರ ನಿಂತಲ್ಲೇ ದಪ್ಪ ಆಗುತ್ತದೆ! ಕೆಲವು ತಿಂಗಳಾದ ಮೇಲೆ ಬಂದರಿನಲ್ಲಿ ದಿಮ್ಮಿ ಕಮ್ಮಿ, ಮತ್ತೆ ರೇಟು ಮೇಲಕ್ಕೆ.

ರೇಟು ಬೀಳಿಸುವುದು, ಏಳಿಸುವುದು ಚೀನಾ. ನ್ಯೂಜಿಲೆಂಡ್‌ನಲ್ಲಿ ಕಡಿದ ಮರದಲ್ಲಿ ಅರ್ಧಕ್ಕಿಂತ ಜಾಸ್ತಿ ಕೊಯ್ಯದೆ ದಿಮ್ಮಿಯಾಗಿಯೇ ಹಡಗು ಹತ್ತುತ್ತದೆ. ಅದರಲ್ಲಿ ಬಹುಪಾಲು ಚೀನಾಕ್ಕೆ. ಅಲ್ಲಿ ಕಟ್ಟಡಗಳ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತದೆ. 2020ರ ಶುರುವಿನಲ್ಲಿ ಕೊರೋನಾ ಬಂದು ಚೀನಾ ಬಂದರುಗಳಲ್ಲಿ ದಿಮ್ಮಿ ರಾಶಿ ಬಿತ್ತು. 2021ರಲ್ಲಿ ಎವರ್‌ಗ್ರಾಂಡ್ ಎಂಬ ದೊಡ್ಡ ಬಿಲ್ಡರ್ ಸಾಲ ಕಟ್ಟಲಾಗದೆ ಮುಗ್ಗರಿಸಿತು, ಮನೆ ಕಟ್ಟುವ ಕೆಲಸವೇ ಇಳಿಯಿತು. ಶಾಂಘೈನಲ್ಲಿ ಕ್ರೇನ್ ನಿಂತರೆ ಮಾಲೂರಿನ ನಿಮ್ಮ ಕೊಟೇಶನ್ ಅಲ್ಲಾಡುತ್ತದೆ.

ಮಾಲೂರು: ಹಾಗಾದರೆ ಚೀನಾಗೆ ಬೇಡವಾದ ಮಾಲು ನಮಗೆ ಅಗ್ಗಕ್ಕೆ ಬರಬೇಕಿತ್ತಲ್ವಾ ಸರ್?

ಉತ್ತರ:
ಸರಿಯಾದ ಕಡೆ ಹಿಡಿದಿರಿ. ಅಡ್ಡ ಬಂದದ್ದು ಹೊಗೆ. ದಿಮ್ಮಿ ಜೊತೆ ಹುಳ ಬರಬಾರದು ಅಂತ ನಮ್ಮ ಸರ್ಕಾರ ಆಗ ಮೀಥೈಲ್ ಬ್ರೋಮೈಡ್ ಅನಿಲ ಹಾಕಿಸಿ ಕಳಿಸಿ ಅನ್ನುತ್ತಿತ್ತು. ಅದು ಓಝೋನ್ ಪದರಕ್ಕೆ ಕೆಟ್ಟದ್ದು. 2021ರಲ್ಲಿ ನ್ಯೂಜಿಲೆಂಡ್ ಪರಿಸರ ಸಂರಕ್ಷಣಾ ಪ್ರಾಧಿಕಾರ ನಿಯಮ ಬಿಗಿ ಮಾಡಿತು. ಹಾಕಿದ ಅನಿಲವನ್ನು ಗಾಳಿಗೆ ಬಿಡದೆ ವಾಪಸ್ ಹಿಡಿಯಬೇಕು. ಹಡಗಿನ ಹೊಟ್ಟೆಯಲ್ಲಿ ತುಂಬಿದ ದಿಮ್ಮಿಗೆ ಇದು ದೊಡ್ಡ ತಲೆನೋವು, ಖರ್ಚೂ ಹೌದು. ಆದರೆ ಚೀನಾ ಹಡಗಿನ ಒಳಗೆ ಫಾಸ್ಫೀನ್ ಅನಿಲವನ್ನೂ, ಡೆಕ್ ಮೇಲೆ ತೊಗಟೆ ಸುಲಿದ ದಿಮ್ಮಿಯನ್ನೂ ಒಪ್ಪುತ್ತದೆ. ಹಾಗಾಗಿ ನಮ್ಮ ಕಡೆಗೆ ಬರುವ ಹಡಗು ತೀರಾ ಕಮ್ಮಿಯಾಯಿತು. ನಿಮ್ಮ ಡಿಪೋದವರು ಆ ಮಟ್ಟಿಗೆ ಸುಳ್ಳು ಹೇಳಿಲ್ಲ.

ಆ ಜಾಗಕ್ಕೆ ಬೇರೆಯವರು ಬಂದರು. 2020ರ ಕೊನೆಗೆ ಚೀನಾ ಹುಳದ ಕಾರಣ ಕೊಟ್ಟು ಆಸ್ಟ್ರೇಲಿಯಾ ದಿಮ್ಮಿ ನಿಲ್ಲಿಸಿತು, ಅದರಲ್ಲಿ ಒಂದಷ್ಟು ನಮ್ಮ ಗುಜರಾತಿನ ಕಾಂಡ್ಲಾ ಬಂದರಿನ ಕಡೆ ತಿರುಗಿತು. 2023ರಲ್ಲಿ ಚೀನಾ ಮತ್ತೆ ಬಾಗಿಲು ತೆರೆಯಿತು. ಉರುಗ್ವೆ, ಅಮೆರಿಕದ ಮಾಲೂ ಬರುತ್ತದೆ. ಇವೆಲ್ಲ ಕಾಂಡ್ಲಾ ಪಕ್ಕದ ಗಾಂಧಿಧಾಮದ ಸಾಮಿಲ್‌ಗಳಲ್ಲಿ ಹಲಗೆಯಾಗಿ ಲಾರಿ ಹತ್ತುತ್ತವೆ. ಇಲ್ಲಿಗೆ ಬರುವಷ್ಟರಲ್ಲಿ ಎಲ್ಲದಕ್ಕೂ ಒಂದೇ ಹೆಸರು, "ನ್ಯೂಜಿಲೆಂಡ್ ಪೈನ್"! ಉರುಗ್ವೆಯವರು ನೆಡುವುದು ಅಮೆರಿಕದ ದಕ್ಷಿಣ ಭಾಗದ ಪೈನ್ ಜಾತಿಗಳನ್ನು. ಅವು ಸಾಮಾನ್ಯವಾಗಿ ರೇಡಿಯಾಟಗಿಂತ ಭಾರ, ಅಂಟು ಜಾಸ್ತಿ. ತುದಿಗೆ ಮೊಳೆ ಹೊಡೆದಾಗ ಸೀಳುತ್ತಿದ್ದರೆ ಹುಡುಗರನ್ನು ಬೈಯುವ ಮೊದಲು ಹಲಗೆ ನೋಡಿ.

ಚಿಂತಾಮಣಿ, ಬಡಗಿ ಕೆಲಸ: ಅಣ್ಣ, ಇಷ್ಟೆಲ್ಲ ಯಾಕೆ? ನಮ್ಮ ನೀಲಗಿರಿ ಇದೆಯಲ್ಲ, ಕೋಲಾರದ ತುಂಬಾ.

ಉತ್ತರ:
ಇದೆ, ಆದರೆ ಹಸಿ ಕೊಯ್ದರೆ ತಿರುಚುತ್ತದೆ, ಬಾಯಿ ಬಿಡುತ್ತದೆ. ನಿಧಾನವಾಗಿ ಒಣಗಿಸುವ ತಾಳ್ಮೆ ಯಾರಿಗಿದೆ? ಮೇಲಾಗಿ 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ನಮ್ಮ ಬೋರ್‌ವೆಲ್ ನೋಡಿದರೆ ಅದು ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ಪೆಟ್ಟಿಗೆಗೆ ಸಿಲ್ವರ್ ಓಕ್ ಪರವಾಗಿಲ್ಲ. ಪ್ಯಾಲೆಟ್ ವಿದೇಶಕ್ಕೆ ಹೋಗುವುದಾದರೆ ಯಾವ ಮರವಾದರೂ ಹುಳ ಸಾಯಲು ಸಾಮಾನ್ಯವಾಗಿ ಶಾಖ ಕೊಡಿಸಿ ಮುದ್ರೆ ಹಾಕಿಸಬೇಕು. ಮರದ ನಡುಭಾಗ 56 ಡಿಗ್ರಿಯಲ್ಲಿ 30 ನಿಮಿಷ ಇರಬೇಕು.

ಮಾಲೂರು: ಈಗ ಹೊಸ ಕೊಟೇಶನ್ ಕೇಳ್ತಿದ್ದಾರೆ. ಏನಂತ ಬರೀಲಿ?

ಉತ್ತರ:
ವರ್ಷದ ರೇಟು ಮಾತ್ರ ಬೇಡ. ಮೂರು ತಿಂಗಳಿಗೆ ಬರೆಯಿರಿ. ಒಪ್ಪದಿದ್ದರೆ ಕೂಲಿ, ಮೊಳೆ, ಲಾಭ ಬೇರೆ ತೋರಿಸಿ. ಮರದ ಬಾಬತ್ತು ಆ ತಿಂಗಳ ಡಿಪೋ ಬಿಲ್ಲಿನ ಸಿಎಫ್‌ಟಿ (ಘನ ಅಡಿ) ರೇಟಿನಂತೆ ಎಂದು ಹಾಕಿ. ಪರ್ಚೇಸ್‌ನವರು ಮೊದಲು ಗೊಣಗುತ್ತಾರೆ. ರೇಟು ಇಳಿದಾಗ ಅವರಿಗೂ ಇಳಿಯುತ್ತದೆ ಅಂತ ಹೇಳಿ ನೋಡಿ.

ಮಾಲೂರು: ಆಯ್ತು ಸರ್. ಈಗಿರೋ ಲೋಡು ಯಾವ ದೇಶದ್ದು ಅಂತ ಗೊತ್ತಾಗುತ್ತಾ? ಫೋಟೊ ಹಾಕ್ಲಾ?

ಉತ್ತರ:
ಹಾಕಿ. ಹಲಗೆಯ ಅಗಲದ್ದಲ್ಲ, ಕೊಯ್ದ ತುದಿಯದ್ದು, ಉಂಗುರ ಕಾಣುವ ಹಾಗೆ. ದೇಶ ಹೇಳಲಾರೆ, ಜಾತಿ ಅಂದಾಜು ಸಿಗುತ್ತದೆ. ಉಂಗುರಗಳ ನಡುವೆ ಕಡು ಕಂದು ಪಟ್ಟಿ ಎದ್ದು ಕಂಡರೆ ಅದು ಬಹುಶಃ ರೇಡಿಯಾಟ ಅಲ್ಲ.