ಅಪ್‌ಡೇಟ್: ನನ್ನ ಮಿಕ್ಸೆಡ್ ಮೀಡಿಯಾ ಶೈಲಿ ಸಿಕ್ಕಿದ್ದು ಚಾವಡಿಯ ನೆಲದ ಮೇಲೆ

ಮೂರು ವಾರದ ಹಿಂದೆ ಇಲ್ಲಿ ಕೇಳಿದ್ದೆ: ಕೊಲಾಜ್ (ಕಾಗದದ ತುಂಡು ಅಂಟಿಸುವುದು), ಅಕ್ರಿಲಿಕ್ ಬಣ್ಣ, ಇಂಕ್, ದಾರ ಎಲ್ಲ ಸೇರಿಸಿ ಮಿಕ್ಸೆಡ್ ಮೀಡಿಯಾ ಚಿತ್ರ ಮಾಡುತ್ತೇನೆ, ಆದರೆ ಒಂದೊಂದು ಚಿತ್ರವೂ ಬೇರೆಯವರು ಮಾಡಿದ ಹಾಗಿದೆ, ನನ್ನದೇ ಶೈಲಿ ಹುಡುಕುವುದು ಹೇಗೆ ಅಂತ.

ಇಷ್ಟದ ಕಲಾವಿದರನ್ನು ನಕಲು ಮಾಡಿ ಅಂದಿದ್ದರು ಒಬ್ಬರು. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರ ರೇಖೆಗಳನ್ನು ಒಂದು ವಾರ ಬಿಡಿಸಿದೆ. ಕೈ ಹಗುರವಾಯಿತು, ಆದರೆ ನನ್ನ ಶೈಲಿ ಸಿಗಲಿಲ್ಲ.

ಕೈ ಹಿಡಿದದ್ದು ಇನ್ನೊಬ್ಬ ಅಕ್ಕನ ಸಲಹೆ: ಹಳೆಯ ಚಿತ್ರಗಳನ್ನೆಲ್ಲ ನೆಲಕ್ಕೆ ಹಾಸಿ, ಮತ್ತೆ ಮತ್ತೆ ಬರುವುದು ಏನು ನೋಡಿ. ಚಾವಡಿಯಲ್ಲಿ 41 ಚಿತ್ರ ಹಾಸಿದೆ. ಅರ್ಧಕ್ಕಿಂತ ಜಾಸ್ತಿ ಚಿತ್ರಗಳಲ್ಲಿ ಒಂದೇ ಬಣ್ಣ, ಹಂಚಿನ ಕೆಂಪು! ಮಂಗಳೂರಲ್ಲಿ ಬಾಸೆಲ್ ಮಿಷನ್ 1865ರಲ್ಲೇ ಹಂಚಿನ ಕಾರ್ಖಾನೆ ಶುರು ಮಾಡಿತ್ತು. ಆ ಹಂಚಿನ ಮಾಡಿನ ಕೆಳಗೇ ಬೆಳೆದವಳು ನಾನು. ಆದರೂ ಇಷ್ಟು ದಿನ ಕಣ್ಣಿಗೆ ಬಿದ್ದಿರಲಿಲ್ಲ ನೋಡಿ.

ಆಮೇಲೆ ಮೂರೇ ವಸ್ತು ಇಟ್ಟುಕೊಂಡೆ: ಆ ಕೆಂಪು, ಕಪ್ಪು ಇಂಕ್, ಮತ್ತೆ ಹಳೇ ಹಂಚಿನ ಮೇಲೆ ತೆಳು ಕಾಗದ ಇಟ್ಟು ಇದ್ದಿಲಿನಿಂದ ಉಜ್ಜಿ ತೆಗೆದ ಅಚ್ಚು. ಪೋಸ್ಟ್‌ಕಾರ್ಡ್ ಅಳತೆಯ 12 ಚಿತ್ರ ಮಾಡಿದೆ. ಸಾಲಾಗಿ ಇಟ್ಟರೆ ಒಬ್ಬಳೇ ಮಾಡಿದ್ದು ಅಂತ ಗೊತ್ತಾಗುತ್ತದೆ. ಎಷ್ಟು ಖುಷಿಯಾಯಿತು ಗೊತ್ತಾ!

ಇದ್ದಿಲಿನ ಅಚ್ಚಿಗೆ ಮೊದಲು ಫಿಕ್ಸೆಟಿವ್ ಸ್ಪ್ರೇ (ಪುಡಿ ಉದುರದಂತೆ ಹಿಡಿದಿಡುವ ಸ್ಪ್ರೇ) ಹೊಡೆಯಿರಿ, ಇಲ್ಲದಿದ್ದರೆ ಅಂಟು ಹಚ್ಚುವಾಗ ಕಲಸಿಹೋಗುತ್ತದೆ. ನೀರು ಬೆರೆಸಿದ ಫೆವಿಕಾಲ್‌ನಲ್ಲಿ ನನ್ನ ಕಾಗದ ಸುಕ್ಕಾಯಿತು. ಮ್ಯಾಟ್ ಮೀಡಿಯಂ (ಹೊಳಪಿಲ್ಲದೆ ಒಣಗುವ, ಅಂಟಿನಂತೆಯೂ ಬಳಸುವ ಅಕ್ರಿಲಿಕ್ ದ್ರವ) ಅನ್ನು ಕಾಗದದ ಕೆಳಗೂ ಮೇಲೂ ತೆಳುವಾಗಿ ಹಚ್ಚಿದಾಗ ಸರಿಹೋಯಿತು. ಮಳೆಗಾಲದಲ್ಲಿ ಒಂದು ಪದರ ಪೂರ್ತಿ ಒಣಗದೆ ಇನ್ನೊಂದು ಹಾಕಬೇಡಿ.

ಈಗ 13ನೆಯದಕ್ಕೆ ದಾರ ಸೇರಿಸಿ ನೋಡುತ್ತಿದ್ದೇನೆ.